ಕಿಲೋಮೀಟರ್ ಲೆಕ್ಕಕ್ಕೆ ಸಿಗದ ಧೂಳು

ಮೈಸೂರಿನ ಬಡಾವಣೆಗಳಲ್ಲಿ ಹತ್ತು-ಹದಿನೈದು ವರ್ಷ ದಾಟಿದ ಕಾರುಗಳಿಗೆ ಕೊರತೆಯಿಲ್ಲ. ಕೆಎ 09 ಅಥವಾ ಕೆಎ 55ರ ನಂಬರು, ಬಿಸಿಲಿಗೆ ಮಾಸಿದ ಬಾನೆಟ್ಟು. ದೇವರಾಜ ಮಾರುಕಟ್ಟೆಗೆ, ಆಸ್ಪತ್ರೆಗೆ, ಆಗೊಮ್ಮೆ ಈಗೊಮ್ಮೆ ನಂಜನಗೂಡಿಗೆ ಹೋಗಿಬರುವಷ್ಟೇ ಓಟ. ಇಂಥ ಕಾರಿನ ಆಯಿಲ್, ಬ್ಯಾಟರಿ, ಟೈರುಗಳ ಬಗ್ಗೆ ಮಾಲೀಕರಿಗೆ ಸಾಕಷ್ಟು ಮುತುವರ್ಜಿ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಅಡಗಿ ಕೂತ, ಗ್ಯಾರೇಜಿನವರು ಎಸಿ ಫಿಲ್ಟರ್ ಎಂದು ಕರೆಯುವ ಕ್ಯಾಬಿನ್ ಫಿಲ್ಟರ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. 10ರಿಂದ 20 ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಬದಲಿಸಿ ಎಂದು ಸಾಮಾನ್ಯವಾಗಿ ಕಾರಿನ ಕೈಪಿಡಿಗಳು ಹೇಳುತ್ತವೆ. ವರ್ಷಕ್ಕೆ ನಾಲ್ಕು ಸಾವಿರ ಓಡುವ ಕಾರಿಗೆ ಈ ಲೆಕ್ಕ ಹಿಡಿದರೆ ಒಂದೇ ಫಿಲ್ಟರ್ ಮೂರರಿಂದ ಐದು ಮಳೆಗಾಲ ಕಾಣುತ್ತದೆ. ಕಡಿಮೆ ಓಡುವ ಹಳೆಯ ಕಾರಿಗೆ ಮೀಟರಿನ ಲೆಕ್ಕವೇ ತಪ್ಪು. ಅದರ ಫಿಲ್ಟರನ್ನು ಮಳೆ-ಬಿಸಿಲಿನ ಲೆಕ್ಕದಲ್ಲಿ ಬದಲಿಸಬೇಕು ಎನ್ನುವುದು ಈ ಬರಹದ ವಾದ.

ಮೊದಲ ಆಕ್ಷೇಪ ಊರಿನ ಹೆಸರಿನಿಂದಲೇ ಬರುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದ ಊರು ಇದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಗಾಳಿ ಕೆಟ್ಟಿದೆ ಎಂದು ಗುರುತಿಸಲಾದ ಕರ್ನಾಟಕದ ನಗರಗಳು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಮೈಸೂರಿನ ಹೆಸರು ಅಲ್ಲಿಲ್ಲ. ಹೆಮ್ಮೆಪಡಬೇಕಾದದ್ದೇ. ಆದರೆ ಸ್ವಚ್ಛ ಸರ್ವೇಕ್ಷಣೆ ಮುಖ್ಯವಾಗಿ ನೋಡಿದ್ದು ಕಸ, ಶೌಚಾಲಯಗಳ ವ್ಯವಸ್ಥೆಯನ್ನು. ಕಾರಿನೊಳಗೆ ನುಗ್ಗುವ ಗಾಳಿಯನ್ನಲ್ಲ. ಹೆಬ್ಬಾಳ ಮೊದಲ ಹಂತದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ತನ್ನ ಸುತ್ತಲಿನ ಗಾಳಿಯನ್ನು ಅಳೆದು ಹೇಳುತ್ತದೆ. ಕಾರು ಗಾಳಿ ಎಳೆದುಕೊಳ್ಳುವುದು ಬೇರೆಯದೇ ಜಾಗದಲ್ಲಿ, ಅಂದರೆ ಗಾಜಿನ ಬುಡದಲ್ಲಿ, ವೈಪರ್‌ಗಳ ಹತ್ತಿರ, ಮುಂದಿನ ಬಸ್ಸಿನ ಹೊಗೆಕೊಳವೆಗೆ ನಾಲ್ಕು ಮಾರು ದೂರದಲ್ಲಿ. ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿಯ ಹಿಂದೆ ನಿಂತವರ ಪಾಲಿಗೆ ನಗರದ ಸರಾಸರಿ ಗಾಳಿ ಇದ್ದೂ ಇಲ್ಲದಂತೆ. ಇನ್ನು ಆ ಸರಾಸರಿಯನ್ನು ಅಳೆಯುವ ಗಡಿಯ ವಿಷಯ: 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5 ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಮಿತಿಯೊಳಗೆ ಇದ್ದೇವೆ ಎಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಸಮಾಧಾನವಿಲ್ಲ.

ಹೊಗೆಯಷ್ಟೇ ಅಲ್ಲ. ಹೊಸ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಎದೆಯೆತ್ತರ ಬೆಳೆಯುವ ಕಾಂಗ್ರೆಸ್ ಗಿಡ ಅಲರ್ಜಿ ಇದ್ದವರಿಗೆ ಚರ್ಮದ ತುರಿಕೆಯನ್ನೂ ಸೀನನ್ನೂ ತರುತ್ತದೆ. ಪರಾಗದ ಕಣಗಳು ದೊಡ್ಡವು, ಸಾಧಾರಣ ಕಾಗದದಂಥ ಫಿಲ್ಟರಿಗೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಮೈಸೂರಿನ ಸಾಲುಮರಗಳ ನೆರಳೂ ಪುಕ್ಕಟೆಯಲ್ಲ: ಮರದಡಿ ವಾರಗಟ್ಟಲೆ ನಿಂತ ಕಾರಿನ ವೈಪರ್ ಬುಡದಲ್ಲಿ ಎಲೆ, ಹೂವಿನೆಸಳು, ಕಸಕಡ್ಡಿ ಸೇರಿ ಕೊಳೆಯುತ್ತವೆ, ಇಲಿಗೆ ಅಲ್ಲಿಂದ ಒಳದಾರಿ ಸಿಕ್ಕರೆ ಫಿಲ್ಟರಿನ ಮೇಲೇ ಗೂಡು. ಇದೆಲ್ಲ ಆಗುವುದು ಕಾರು ನಿಂತಾಗ. ಓಡದ ಕಾರಿನ ಫಿಲ್ಟರ್ ಓಡುವ ಕಾರಿನದಕ್ಕಿಂತ ಚೆನ್ನಾಗಿರುತ್ತದೆ ಎಂಬ ನಂಬಿಕೆ ಇಲ್ಲಿಗೇ ಮುರಿದುಬೀಳುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಹಳೆಯ ಕಾರಿನ ಬಾಗಿಲ ರಬ್ಬರುಗಳೆಲ್ಲ ಸವೆದಿರುತ್ತವೆ, ಸಂದುಗೊಂದಿನಿಂದ ಧೂಳು ಬಂದೇ ಬರುತ್ತದೆ, ಹಾಗಿರುವಾಗ ಒಂದು ಫಿಲ್ಟರ್ ಹಾಕಿ ಏನು ಸಾಧಿಸಿದಂತಾಯಿತು ಎನ್ನುವ ಪ್ರಶ್ನೆ. ಉತ್ತರ ಬ್ಲೋವರಿನಲ್ಲಿದೆ. ಹೊರಗಾಳಿ ಎಳೆಯುವಂತೆ ಇಟ್ಟು ಬ್ಲೋವರ್ ಹಾಕಿದಾಗ ಕಾರಿನೊಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಾಗುತ್ತದೆ. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆಯೇ ಹೊರತು ಒಳಕ್ಕೆ ಬರುವುದು ಕಡಿಮೆ. ಧೂಳು ಕಟ್ಟಿದ ಫಿಲ್ಟರ್ ಈ ಹರಿವನ್ನೇ ಕುಗ್ಗಿಸುತ್ತದೆ. ಒತ್ತಡ ಇಳಿದಂತೆ ಸಂದುಗಳ ದಿಕ್ಕು ತಿರುಗುತ್ತದೆ. ಅಂದರೆ ರಬ್ಬರು ಸವೆದಷ್ಟೂ ಗಾಳಿ ಸರಾಗವಾಗಿ ಹಾಯುವ ಫಿಲ್ಟರಿನ ಅಗತ್ಯ ಹೆಚ್ಚು. ಹೊಸ ಕಾರು ಕೊಳೆತ ಫಿಲ್ಟರನ್ನು ಹೇಗೋ ಸಹಿಸಿಕೊಂಡೀತು, ಹಳೆಯದಕ್ಕೆ ಆ ಆಸರೆ ಇಲ್ಲ.

ಧೂಳು ತುಂಬಿದ ಫಿಲ್ಟರ್ ಇನ್ನೂ ಚೆನ್ನಾಗಿ ಸೋಸುತ್ತದೆ ಎಂದು ವಾದಿಸುವವರೂ ಇದ್ದಾರೆ. ಅರ್ಧ ನಿಜ. ನಾರುಗಳ ನಡುವಿನ ರಂಧ್ರಗಳು ಕಿರಿದಾದಂತೆ ಕೆಲವು ಗಾತ್ರದ ಕಣಗಳು ಹೆಚ್ಚು ಸಿಕ್ಕಿಬೀಳುತ್ತವೆ. ಆದರೆ ಇಂದಿನ ಎಷ್ಟೋ ಫಿಲ್ಟರುಗಳು ಸೂಕ್ಷ್ಮ ಕಣಗಳನ್ನು ಹಿಡಿಯುವುದು ನಾರಿನಲ್ಲಿರುವ ವಿದ್ಯುದಾವೇಶದಿಂದ. ಮಸಿ-ಧೂಳು ಮುಚ್ಚಿಕೊಂಡಂತೆ ಆ ಶಕ್ತಿ ಕುಂದುತ್ತದೆ. ನಲ್ಲಿಯಡಿ ಹಿಡಿದು ತೊಳೆದರೂ ಅದು ಮರಳುವುದಿಲ್ಲ, ನಾರು ಹಾಳಾಗುವುದೊಂದೇ ಲಾಭ. ಸೋಸುವಿಕೆಯ ಚರ್ಚೆಯನ್ನು ಬದಿಗಿಟ್ಟರೂ ಗಾಳಿಯ ಹರಿವು ಕುಗ್ಗುವ ಸಮಸ್ಯೆ ಉಳಿದೇ ಇರುತ್ತದೆ. ಅದು ಕಣ್ಣಿಗೆ ಕಾಣುವುದು ಮಳೆಯಲ್ಲಿ. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿದಾಗ ಅದನ್ನು ಬಿಡಿಸುವುದು ಬ್ಲೋವರಿನ ಗಾಳಿಯೇ. ಸಂಜೆ ಮಳೆಯಲ್ಲಿ, ಎದುರಿನ ಹೆಡ್‌ಲೈಟು ಕಣ್ಣಿಗೆ ಹೊಡೆಯುವಾಗ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯ ಬಟ್ಟೆಯಿಂದ ಗಾಜು ಒರೆಸುವುದು ಆರೋಗ್ಯದ ಪ್ರಶ್ನೆಯಲ್ಲ, ಅಪಘಾತದ ಪ್ರಶ್ನೆ.

ಫಿಲ್ಟರಿನಿಂದ ಆಗದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಅಂಗಡಿಯವರ ಜಾಹೀರಾತಾದೀತು. ಸೈಲೆನ್ಸರ್ ತೂತಾಗಿ ಒಳಗೆ ಬರುವ ಕಾರ್ಬನ್ ಮೊನಾಕ್ಸೈಡನ್ನು ಯಾವ ಕ್ಯಾಬಿನ್ ಫಿಲ್ಟರೂ ತಡೆಯಲಾರದು, ದುಬಾರಿ ಇದ್ದಿಲಿನ ಫಿಲ್ಟರೂ ಕೂಡ. ಇದ್ದಿಲು ಕೆಲವು ವಾಸನೆ, ಕೆಲವು ಅನಿಲಗಳನ್ನಷ್ಟೇ ಹೀರುತ್ತದೆ. ಹೊಗೆ ತಪಾಸಣೆಯ ಸರ್ಟಿಫಿಕೇಟು ನೋಡುವುದು ಕೊಳವೆಯ ತುದಿಯಿಂದ ಊರಿಗೆ ಹೋಗುವುದನ್ನು ಮಾತ್ರ, ಒಳಗೆ ಕೂತವರಿಗೆ ಬರುವುದನ್ನಲ್ಲ. ಹಳೆಯ ಕಾರಿನ ಸೈಲೆನ್ಸರನ್ನು ಬೇರೆಯಾಗಿಯೇ ನೋಡಿಸಬೇಕು. ಎಸಿಯ ಮುಗ್ಗಲು ವಾಸನೆಯ ಮೂಲವೂ ಎಷ್ಟೋ ಸಲ ಫಿಲ್ಟರಲ್ಲ, ಅದರ ಆಚೆಗಿರುವ ಒದ್ದೆ ಕೂಲಿಂಗ್ ಕಾಯಿಲ್. ಹಾಗಿದ್ದರೆ ಒಳಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ ಕೂತರಾಯಿತಲ್ಲ ಎಂದರೆ, ಲಾರಿಯ ಹಿಂದೆ ಸಿಕ್ಕಿಕೊಂಡ ಐದು ನಿಮಿಷಕ್ಕೆ ಅದು ಜಾಣತನವೇ. ನಾಲ್ಕು ಜನ ಕೂತು ಬೆಂಗಳೂರಿನವರೆಗೂ ಹಾಗೇ ಹೋದರೆ ನಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿ ತಲೆ ಭಾರ, ತೂಕಡಿಕೆ.

ಸರ್ವಿಸ್ ಸೆಂಟರಿನವರು ಬಿಲ್ಲು ಬೆಳೆಸಲು ಇದನ್ನು ಪ್ರತಿ ಸಲ ಸೇರಿಸುತ್ತಾರೆ ಎಂಬ ಗುಮಾನಿ ಪೂರ್ತಿ ಸುಳ್ಳೇನಲ್ಲ. ಅದಕ್ಕೆ ಮದ್ದು ಬದಲಿಸದೇ ಬಿಡುವುದಲ್ಲ, ಸ್ವತಃ ನೋಡುವುದು. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕಳಚಿ ಮುಚ್ಚಳ ತೆಗೆದರೆ ಫಿಲ್ಟರ್ ಹೊರಬರುತ್ತದೆ. ಚೌಕಟ್ಟಿನ ಮೇಲಿನ ಬಾಣದ ಗುರುತು ಗಾಳಿಯ ದಿಕ್ಕಿಗೆ ಇರುವಂತೆ ಹೊಸದನ್ನು ಕೂರಿಸಬೇಕು, ಅಂಚಿನಲ್ಲಿ ಸಂದು ಉಳಿದರೆ ಧೂಳು ಪಕ್ಕದಿಂದಲೇ ಹಾಯುತ್ತದೆ. ಸಾದಾ ಫಿಲ್ಟರಿನ ಬೆಲೆ ಕೆಲವು ನೂರು ರೂಪಾಯಿ. ಹಳೆಯ ಮಾದರಿಗಳಲ್ಲಿ ಕೆಲವಕ್ಕೆ ಜಾಗವಿದ್ದರೂ ಕಾರ್ಖಾನೆಯಿಂದ ಫಿಲ್ಟರೇ ಬಂದಿರುವುದಿಲ್ಲ, ಮಾರುತಿ 800ರಂಥವಕ್ಕೆ ಜಾಗವೂ ಇಲ್ಲ. ಅದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾಲದ ಮಾತು. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಫಿಲ್ಟರ್ ಧೂಳು ತುಂಬಿಕೊಳ್ಳುತ್ತದೆ. ಮೈಸೂರಿನ ಜೋರು ಮಳೆ ಬೀಳುವುದು ಮೇನಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆ ಧೂಳಿಗೆ ತೇವ ತಗುಲಿದರೆ ಬೂಸ್ಟು. ಹಾಗಾಗಿ ವರ್ಷಕ್ಕೆ ಒಂದೇ ಸಲ ಬದಲಿಸುವುದಾದರೆ ಏಪ್ರಿಲ್ ಕೊನೆಗೆ, ಮೇ ಮಳೆಗೆ ಮುಂಚೆ. ಆಯುಧಪೂಜೆಗೆ ಹೇಗೂ ಕಾರು ತೊಳೆದು, ಕುಂಬಳಕಾಯಿ ಒಡೆದು, ಟೈರಿನಡಿ ನಿಂಬೆಹಣ್ಣು ಇಡುತ್ತೇವೆ. ಅದೇ ದಿನ ಗ್ಲೋವ್ ಬಾಕ್ಸನ್ನೂ ಕಳಚಿ ನೋಡಿ, ಫಿಲ್ಟರ್ ಒದ್ದೆಯಾಗಿಯೋ ಕಪ್ಪಾಗಿಯೋ ಇದ್ದರೆ ಏಪ್ರಿಲ್‌ವರೆಗೆ ಕಾಯುವುದು ಬೇಡ.