ಮೂರನೆಯ ಪಡೆ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಆ ಹೆಸರಿನಿಂದ ಬಲ್ಲ ಆಟವಲ್ಲವೆಂಬುದನ್ನು ವಾಚಕರು ಮೊದಲಿಗೇ ನೆನಪಿಡಬೇಕು. ಅಲ್ಲಿಯ ಚೆಂಡು ದುಂಡಗಿಲ್ಲ. ಎರಡು ತುದಿಗಳೂ ಚೂಪು. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಹೆಸರೊಂದು, ನಡೆಯೊಂದು ಎಂದು ನನ್ನಂಥ ವ್ಯಾಕರಣದ ಮೇಷ್ಟರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಆದರೂ ಕಾಲಿನಿಂದಲೇ ಆಡಬೇಕಾದ ಕೆಲವು ಗಳಿಗೆಗಳು ಪ್ರತಿ ಪಂದ್ಯದಲ್ಲಿಯೂ ಬರುತ್ತವೆ. ಆಗ ಕಣಕ್ಕಿಳಿಯುವ ಪಡೆಗೆ ‘ಸ್ಪೆಷಲ್ ಟೀಮ್ಸ್’ ಎಂದು ಹೆಸರು. ಈ ಪಡೆಯನ್ನು ಕಟ್ಟುವ ಶಿಕ್ಷಕನ ಕೆಲಸವೇನು, ಅದರೊಳಗಿನ ಮುಂದಾಳುವಿನ ಕೆಲಸವೇನು ಎಂಬುದೇ ಇಲ್ಲಿ ಹೇಳಬೇಕಾದ ವಿಷಯ.

ಕಣದ ಉದ್ದ ೧೦೦ ಗಜ. ಪಕ್ಷಕ್ಕೆ ೧೧ ಮಂದಿ. ಚೆಂಡು ಯಾರ ವಶದಲ್ಲಿದೆಯೋ ಅವರು ೪ ಪ್ರಯತ್ನಗಳೊಳಗೆ ೧೦ ಗಜ ಮುಂದೆ ಸಾಗಬೇಕು. ಮೂರರಲ್ಲಿ ಸಾಗದಿದ್ದರೆ, ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ರೂಢಿ. ಇದು ಪಂಟ್. ಆಟವನ್ನು ಆರಂಭಿಸುವ ಒದೆತ ಕಿಕಾಫ್. ಎರಡು ಕಂಬಗಳ ನಡುವೆ ಒದ್ದು ೩ ಅಂಕ ಗಳಿಸುವುದು ಫೀಲ್ಡ್ ಗೋಲ್. ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಒಂದು ಪಡೆ ಇರುವಂತೆಯೇ ಇವಕ್ಕಾಗಿ ಮೂರನೆಯದೊಂದು.

ಈ ಮೂರನೆಯ ಪಡೆಯಲ್ಲಿ ಯಾರಿರುತ್ತಾರೆ? ಒದೆಯುವವರು ಮತ್ತು ಅವರಿಗೆ ಚೆಂಡನ್ನು ಹಿಂದಕ್ಕೆ ಎಸೆಯುವವನು ಮಾತ್ರ ಆ ಕೆಲಸಕ್ಕೆಂದೇ ಪಳಗಿದವರು. ಉಳಿದವರಲ್ಲಿ ಹೆಚ್ಚಿನವರು ತಂಡದ ೫೩ ಮಂದಿಯಲ್ಲಿ ಎರಡನೆಯ ಸಾಲಿನವರು. ಹೊಸಬರು, ಇಂದಿದ್ದು ನಾಳೆ ಬಿಡುಗಡೆಯಾಗಬಹುದಾದವರು. ಪತ್ರಿಕೆಯಲ್ಲಿ ಅವರ ಹೆಸರು ಬರುವುದು ತಪ್ಪು ಮಾಡಿದಾಗ. ಇಷ್ಟಾಗಿಯೂ ಅವರ ಕೆಲಸ ಸುಲಭವಲ್ಲ. ಆಕ್ರಮಣದವರು ಒಂದು ಪ್ರಯತ್ನದಲ್ಲಿ ಎಡವಿದರೆ ಮುಂದಿನದರಲ್ಲಿ ತಿದ್ದಿಕೊಳ್ಳಬಹುದು. ಒದೆತಕ್ಕೆ ಎರಡನೆಯ ಸಲವೆಂಬುದಿಲ್ಲ.

ಬಹುಕಾಲ ಈ ಪಡೆಗೆ ಪ್ರತ್ಯೇಕ ಶಿಕ್ಷಕರೇ ಇರಲಿಲ್ಲ. ೧೯೬೯ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಜಾರ್ಜ್ ಅಲೆನ್ ಅವರು ಡಿಕ್ ವರ್ಮೀಲ್ ಅವರನ್ನೂ, ಅದೇ ವರ್ಷ ಫಿಲಡೆಲ್ಫಿಯ ಈಗಲ್ಸ್ ತಂಡದವರು ಮಾರ್ವ್ ಲೆವಿ ಅವರನ್ನೂ ಈ ಕೆಲಸಕ್ಕೆಂದೇ ನೇಮಿಸಿಕೊಂಡರು. ಲೆವಿಯವರು ಹಾರ್ವರ್ಡಿನಲ್ಲಿ ಇಂಗ್ಲೆಂಡಿನ ಇತಿಹಾಸವನ್ನು ಓದಿ ಎಂ.ಎ. ಪದವಿ ಪಡೆದವರು, ಮೊದಲು ಆಟ ಕಲಿಸಿದ್ದು ಒಂದು ಶಾಲೆಯ ಹುಡುಗರಿಗೆ. ಶಾಲಾ ಮಾಸ್ತರನೊಬ್ಬನಿಗೆ ಈ ಸಂಗತಿ ಹಿತವೆನಿಸಿದರೆ ಕ್ಷಮಿಸಬೇಕು.

ಶಿಕ್ಷಕನು ಮಾಡುವುದನ್ನು ಪಂಟಿನ ಉದಾಹರಣೆಯಿಂದ ನೋಡೋಣ. ಚೆಂಡು ಹಿಂದಕ್ಕೆ ಹಾರಿ, ಸುಮಾರು ೧೫ ಗಜ ಹಿಂದೆ ನಿಂತವನ ಕೈಸೇರಿ, ಒದೆಸಿಕೊಂಡು ಮೇಲೇಳಬೇಕು. ಅಷ್ಟರೊಳಗೆ ಎದುರಾಳಿಗಳು ನುಗ್ಗಿ ತಡೆಯದಂತೆ ಗೋಡೆ ಕಟ್ಟಬೇಕು. ಸಾಲಿನ ಎರಡು ತುದಿಗಳಲ್ಲಿರುವ ಇಬ್ಬರು ಮಾತ್ರ ಚೆಂಡು ಹಿಂದಕ್ಕೆ ಸರಿದೊಡನೆ ಮುಂದೋಡಬಹುದು. ಉಳಿದವರು ಒದೆತವಾಗುವವರೆಗೆ ಕಾಯತಕ್ಕದ್ದು. ಒಳ್ಳೆಯ ಪಂಟ್ ಆಕಾಶದಲ್ಲಿರುವುದು ನಾಲ್ಕೂವರೆ ಸೆಕೆಂಡಿನಷ್ಟು. ಅದು ಇಳಿಯುವ ಹೊತ್ತಿಗೆ ಆ ಇಬ್ಬರು ನಲವತ್ತು ಗಜದಾಚೆ ಇರಬೇಕು. ಒಬ್ಬೊಬ್ಬನನ್ನೂ ತಡೆಯಲು ಅನೇಕ ಸಲ ಇಬ್ಬಿಬ್ಬರು ನಿಂತಿರುತ್ತಾರೆ. ಚಕ್ರವ್ಯೂಹವನ್ನು ಹೊಕ್ಕರೆ ಸಾಲದು, ಭೇದಿಸಿ ಆಚೆಗೆ ಹೋಗಲೂ ಬೇಕು. ಯಾರ ಕಾಲು ಯಾವ ಗುರುತಿನ ಮೇಲೆ, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಶಿಕ್ಷಕನು ಒಬ್ಬೊಬ್ಬನಿಗೂ ವಾರವಿಡೀ ಬಾಯಿಪಾಠ ಮಾಡಿಸುತ್ತಾನೆ.

ಆದರೆ ಅವನ ದನಿ ಕಣದ ಅಂಚಿನಲ್ಲಿಯೇ ನಿಲ್ಲುತ್ತದೆ. ಬಾನುಲಿಯ ಬಳಗಕ್ಕೆ ಸ್ವಾರಸ್ಯವೆನಿಸುವ ಮಾತೊಂದಿದೆ. ಆಕ್ರಮಣವನ್ನು ನಡೆಸುವ ಆಟಗಾರನ ಶಿರಸ್ತ್ರಾಣದಲ್ಲಿ ೧೯೯೪ರಿಂದ, ರಕ್ಷಣೆಯವರಲ್ಲಿ ಒಬ್ಬನಿಗೆ ೨೦೦೮ರಿಂದ, ಶಿಕ್ಷಕನ ಮಾತು ಕೇಳಿಸುವ ಪುಟ್ಟ ರೇಡಿಯೋ ಇದೆ. ಒದೆಯುವ ಪಡೆಗೆ ಸಾಮಾನ್ಯವಾಗಿ ಆ ಸೌಕರ್ಯವಿಲ್ಲ. ಒದೆಯುವವನ ಮುಂದೆ ಕಾವಲಿಗೆ ನಿಂತವನು ಎದುರಾಳಿಗಳನ್ನು ಎಣಿಸಿ, ಯಾವ ಕಡೆ ಹೆಚ್ಚು ಮಂದಿ ಕೂಡಿದ್ದಾರೆಂದು ಕಂಡು, ಗೋಡೆಯನ್ನು ಅತ್ತಿತ್ತ ಸರಿಸುವಂತೆ ಕೂಗಿ ಹೇಳಬೇಕು. ನಾಯಕತ್ವವೆಂದರೆ ಇಲ್ಲಿ ಮೊದಲಿಗೆ ಇಷ್ಟೇ: ಸರಿಯಾಗಿ ಎಣಿಸುವುದು, ಕೇಳುವಂತೆ ಕೂಗುವುದು.

ಇನ್ನೊಂದು ಬಗೆಯ ನಾಯಕತ್ವ ವಾರದ ದಿನಗಳದು. ೧೯೮೬ರ ನವೆಂಬರಿನಲ್ಲಿ ಲೆವಿಯವರು ಬಫಲೋ ಬಿಲ್ಸ್ ತಂಡದ ಮುಖ್ಯ ಶಿಕ್ಷಕರಾದರು. ಅದೇ ತಿಂಗಳು, ಹ್ಯೂಸ್ಟನ್ ತಂಡದವರು ಬಿಟ್ಟುಕೊಟ್ಟ ಸ್ಟೀವ್ ಟಾಸ್ಕರ್ ಎಂಬ ಕುಳ್ಳ ಆಟಗಾರನನ್ನು ಬಫಲೋದವರು ತೆಗೆದುಕೊಂಡರು. ಒದೆತದ ಪಡೆಯಲ್ಲಿಯೇ ಹೆಸರು ಗಳಿಸಿ ಈತ ೭ ಸಲ ‘ಪ್ರೋ ಬೌಲ್’ ಎಂಬ ಗೌರವದ ಪಂದ್ಯಕ್ಕೆ ಆಯ್ಕೆಯಾದ. ೧೯೯೩ರಲ್ಲಿ ಆ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಮ್ಯಾಥ್ಯೂ ಸ್ಲೇಟರನದು ಇನ್ನೂ ವಿಚಿತ್ರ. ಹೆಸರಿಗೆ ಈತ ಚೆಂಡು ಹಿಡಿಯುವ ಆಟಗಾರ. ೧೬ ಋತುಗಳಲ್ಲಿ ಹಿಡಿದದ್ದು ಒಂದೇ ಒಂದು ಚೆಂಡು. ಆದರೂ ೨೦೧೧ರಿಂದ ತಂಡದ ನಾಯಕರಲ್ಲೊಬ್ಬ, ೧೦ ಸಲ ಪ್ರೋ ಬೌಲಿಗೆ ಆಯ್ಕೆಯಾದವ. ಎರಡನೆಯ ಸಾಲಿನ ಹುಡುಗನಿಗೆ ಶಿಕ್ಷಕನು ನೂರು ಸಲ ಹೇಳಿದರೂ ತಾಗದ ಮಾತು, ಇಂಥವನು ಅಭ್ಯಾಸದಲ್ಲಿ ಕೊನೆಯವರೆಗೂ ಓಡುವುದನ್ನು ಕಂಡಾಗ ತಾಗುತ್ತದೆಂದು ನನ್ನ ಎಣಿಕೆ.

ಪಾಠವೂ ಧೈರ್ಯವೂ ಒಂದಾದ ಗಳಿಗೆಯೊಂದನ್ನು ೨೦೧೩ರ ಫೆಬ್ರವರಿ ೩ರಂದು ನ್ಯೂ ಆರ್ಲಿಯನ್ಸಿನ ಅಂತಿಮ ಪಂದ್ಯದಲ್ಲಿ ಕಾಣಬಹುದು. ಬಾಲ್ಟಿಮೋರ್ ತಂಡ ೩೪–೨೯ರಿಂದ ಮುಂದಿತ್ತು; ಉಳಿದದ್ದು ೧೨ ಸೆಕೆಂಡು. ಚೆಂಡು ಅವರದೇ ಗಡಿಯಿಂದ ೮ ಗಜದಲ್ಲಿ, ನಾಲ್ಕನೆಯ ಪ್ರಯತ್ನ. ಪಂಟ್ ಮಾಡಹೋಗಿ ಎದುರಾಳಿಗಳು ತಡೆದರೆ ಪಂದ್ಯವೇ ಕೈತಪ್ಪಬಹುದಾಗಿತ್ತು. ಒದೆಯುವ ಸ್ಯಾಮ್ ಕೋಕ್ ಚೆಂಡನ್ನು ಒದೆಯಲೇ ಇಲ್ಲ. ಗಡಿಯ ಹಿಂದೆ ಅದನ್ನು ಹಿಡಿದು ಅತ್ತಿತ್ತ ಸುಳಿದಾಡಿದ. ಉಳಿದವರು ನಿಯಮ ಮುರಿದಾದರೂ ಎದುರಾಳಿಗಳನ್ನು ತಬ್ಬಿ ಹಿಡಿದರು. ಹಿಡಿದರೆ ದಂಡ ೨ ಅಂಕ, ಗೆರೆಯಾಚೆ ಹೋದರೂ ಅದೇ ೨ ಅಂಕ! ೮ ಸೆಕೆಂಡು ಕಳೆದು ಕೋಕ್ ಗೆರೆ ದಾಟಿದ. ೩೪–೩೧ರಿಂದ ಗೆದ್ದ ಆ ತಂಡದ ಮುಖ್ಯ ಶಿಕ್ಷಕ ಜಾನ್ ಹಾರ್ಬಾ, ಹಿಂದೆ ಒಂಬತ್ತು ವರ್ಷ ಫಿಲಡೆಲ್ಫಿಯದಲ್ಲಿ ಈ ಮೂರನೆಯ ಪಡೆಯ ಶಿಕ್ಷಕರಾಗಿದ್ದವರು.

ಗೆಲುವು ಸೋಲಿಗಿಂತ ಭಾರವಾದದ್ದೂ ಈ ಶಿಕ್ಷಣದಲ್ಲಿದೆ. ಕಿಕಾಫಿನಲ್ಲಿ ಎರಡು ಸಾಲುಗಳು ದೂರದಿಂದ ಓಡಿಬಂದು ಒಂದಕ್ಕೊಂದು ಅಪ್ಪಳಿಸುತ್ತಿದ್ದವು. ೨೦೦೭ರ ಸೆಪ್ಟೆಂಬರಿನಲ್ಲಿ ಬಫಲೋದ ಕೆವಿನ್ ಎವರೆಟ್ ಇಂಥ ಒದೆತದಲ್ಲಿ ಎದುರಾಳಿಯನ್ನು ಕೆಡವಹೋಗಿ ಕುತ್ತಿಗೆಯ ನರಹುರಿಗೆ ಪೆಟ್ಟು ಮಾಡಿಕೊಂಡ. ಆತ ಮತ್ತೆ ನಡೆದಾಡಿದ, ಆಡಲಿಲ್ಲ. ತಲೆ ಬಗ್ಗಿಸಬೇಡ, ಎದುರಾಳಿಯನ್ನು ಕಣ್ಣಿಟ್ಟು ನೋಡಿ ಹಿಡಿ ಎಂದು ಶಿಕ್ಷಕರು ಒತ್ತಿ ಒತ್ತಿ ಹೇಳುವುದು ಇದಕ್ಕಾಗಿ.

೨೦೨೪ರಲ್ಲಿ ನಿಯಮವೇ ಬದಲಾಯಿತು. ಒದೆಯುವವನ ಹೊರತು ಅವನ ಕಡೆಯ ಹತ್ತು ಮಂದಿ ಈಗ ಎದುರಾಳಿಯ ೪೦ ಗಜದ ಗೆರೆಯಲ್ಲಿ ನಿಲ್ಲುತ್ತಾರೆ. ತಡೆಯುವವರಲ್ಲಿ ಹೆಚ್ಚಿನವರು ಅವರಿಂದ ಐದು ಗಜದಾಚೆ. ಚೆಂಡು ನೆಲಕ್ಕೋ ಆಟಗಾರನಿಗೋ ತಾಗುವವರೆಗೆ ಅವರಾರೂ ಕದಲಕೂಡದು. ಓಟದ ವೇಗ ತಗ್ಗಿತು. ಹಳೆಯ ಪಾಠಗಳಲ್ಲಿ ಎಷ್ಟೋ ಉಪಯೋಗಕ್ಕೆ ಬಾರದಾದವು. ೨೦೨೫ರಲ್ಲಿ ಈ ನಿಯಮವನ್ನು ಕಾಯಂ ಮಾಡಿದರು. ಸ್ಲೇಟರ್ ನಿವೃತ್ತನಾದದ್ದು ೨೦೨೪ರ ಫೆಬ್ರವರಿಯಲ್ಲಿ. ನಿಯಮಕ್ಕೆ ಒಪ್ಪಿಗೆ ದೊರೆತದ್ದು ಮರುತಿಂಗಳು. ಹೊಸ ಕಿಕಾಫನ್ನು ಆತ ಆಡಲೇ ಇಲ್ಲ.