ಕೆರೆಯ ಹೂಳಿನ ಲೆಕ್ಕ ಮತ್ತು ದೋಣಿಯ ಆಳಮಾಪಕ: ಟ್ರಾನ್ಸ್‌ಡ್ಯೂಸರ್ ಆಯ್ಕೆ, ಜೋಡಣೆ

ಬಿಳಿಚೋಡು ಹೋಬಳಿಯನ್ನೊಳಗೊಂಡ ಜಗಳೂರು ತಾಲ್ಲೂಕು ಬರಗಾಲಕ್ಕೆ ಹೆಸರಾದ ಪ್ರದೇಶ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರಾ ನದಿಯಿಂದ ನೀರನ್ನೆತ್ತಿ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ, ಒಂದು ಕೆರೆ ಎಷ್ಟು ನೀರು ಹಿಡಿಯುತ್ತದೆ, ಅದರಲ್ಲಿ ಎಷ್ಟು ಹೂಳಿದೆ ಎಂಬ ಪ್ರಶ್ನೆಗಳಿಗೆ ಮಹತ್ವ ಬಂದಿದೆ. ಕೆರೆ ಬತ್ತಿದ್ದಾಗ ಲೆವೆಲ್ ಉಪಕರಣ ಹಿಡಿದು ನೆಲವನ್ನು ಅಳೆಯಬಹುದು. ನೀರು ನಿಂತ ಮೇಲೆ ದೋಣಿಯೇ ಗತಿ. ಮಾರುಕಟ್ಟೆಯಲ್ಲಿ ಡೆಪ್ತ್ ಫೈಂಡರ್ ಎಂದು ಕರೆಯಲಾಗುವ ಆಳಮಾಪಕದ ಅಗತ್ಯ ಬೀಳುವುದು ಇಲ್ಲಿಯೇ.

ಅಳತೆಯ ಪ್ರಾಮುಖ್ಯವನ್ನು ತುಂಗಭದ್ರಾ ಜಲಾಶಯವೇ ತೋರಿಸಿಕೊಟ್ಟಿದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ ಸುಮಾರು 101 ಟಿ.ಎಂ.ಸಿ. ಎಂದೂ, 2016ರ ಸಮೀಕ್ಷೆಯಲ್ಲಿ ಸುಮಾರು 106 ಟಿ.ಎಂ.ಸಿ. ಎಂದೂ ದಾಖಲಾಯಿತು. ಹೂಳು ತಾನಾಗಿ ಕರಗುವ ವಸ್ತುವಲ್ಲ. ಅಳೆಯುವ ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದನ್ನು ಇಂಥ ಅಂಕಿಗಳು ನೆನಪಿಸುತ್ತವೆ.

ಉಪಕರಣ ಕೆಲಸ ಮಾಡುವ ಬಗೆ

ಆಳಮಾಪಕದಲ್ಲಿ ಎರಡು ಭಾಗಗಳಿವೆ: ಅಂಕಿ ತೋರಿಸುವ ಪರದೆ, ನೀರಿನೊಳಗಿರುವ ಟ್ರಾನ್ಸ್‌ಡ್ಯೂಸರ್. ಟ್ರಾನ್ಸ್‌ಡ್ಯೂಸರ್ ಶಬ್ದದ ಮಿಡಿತವೊಂದನ್ನು ಕೆಳಕ್ಕೆ ಕಳುಹಿಸಿ, ತಳಕ್ಕೆ ತಾಗಿ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರು. 3 ಮೀಟರು ಆಳದ ಕೆರೆಯಲ್ಲಿ ಶಬ್ದ ಹೋಗಿ ಬರಲು ಸೆಕೆಂಡಿನ ಸಾವಿರದ ನಾಲ್ಕು ಭಾಗ ಸಾಕು. ಗ್ರಾಹಕರು ಸಾಮಾನ್ಯವಾಗಿ ಪರದೆಯ ಗಾತ್ರ, ಬಣ್ಣಗಳನ್ನು ನೋಡಿ ಬೆಲೆ ತೆರುತ್ತಾರೆ. ಆದರೆ ಅಳತೆಯ ಸತ್ಯಾಸತ್ಯತೆ ನಿರ್ಧಾರವಾಗುವುದು ಟ್ರಾನ್ಸ್‌ಡ್ಯೂಸರ್‌ನಿಂದ ಮತ್ತು ಅದನ್ನು ಕೂರಿಸಿದ ರೀತಿಯಿಂದ.

ಕೊಳ್ಳುವ ಮುನ್ನ

ಮೊದಲು ಗಮನಿಸಬೇಕಾದುದು ಆವರ್ತನ. ಸಾಮಾನ್ಯವಾಗಿ ದೊರೆಯುವ 50 ಮತ್ತು 200 ಕಿಲೋಹರ್ಟ್ಸ್‌ಗಳ ಪೈಕಿ ಮೊದಲನೆಯದು ಆಳ ಸಮುದ್ರಕ್ಕೆ, ಎರಡನೆಯದು ಆಳ ಕಡಿಮೆಯಿರುವ ನೀರಿಗೆ ಸಲ್ಲುತ್ತದೆ. ಕೆರೆಗಳಿಗೆ 200 ಕಿಲೋಹರ್ಟ್ಸ್ ಸೂಕ್ತ.

ಎರಡನೆಯದು ಶಬ್ದದ ಶಂಕುವಿನ ಕೋನ. 20 ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರ್ 3 ಮೀಟರು ಆಳದಲ್ಲಿ ಸುಮಾರು 1 ಮೀಟರು ಅಗಲದ ವೃತ್ತವನ್ನು ನೋಡುತ್ತದೆ. 45 ಡಿಗ್ರಿಯಾದರೆ ಆ ವೃತ್ತ ಸುಮಾರು 2.5 ಮೀಟರಿಗೆ ಹಿಗ್ಗುತ್ತದೆ. ವೃತ್ತದೊಳಗೆ ಎಲ್ಲಿ ತಳ ಹತ್ತಿರವಿದೆಯೋ ಅಲ್ಲಿಂದಲೇ ಮೊದಲ ಪ್ರತಿಧ್ವನಿ ಬರುವುದರಿಂದ, ಏರಿಯ ಇಳಿಜಾರಿನಲ್ಲಿ ಅಗಲ ಕೋನದ ಉಪಕರಣ ಇರುವುದಕ್ಕಿಂತ ಕಡಿಮೆ ಆಳ ತೋರಿಸುತ್ತದೆ. ಮೀನು ಹುಡುಕುವವರಿಗೆ ಅಗಲ ಕೋನ ಅನುಕೂಲ. ಅಳತೆಯ ಕೆಲಸಕ್ಕೆ ಕಿರಿದಾದಷ್ಟೂ ಒಳ್ಳೆಯದು.

ಮೂರನೆಯದು ಹೂಳಿನ ಸ್ವರೂಪ. 200 ಕಿಲೋಹರ್ಟ್ಸ್ ಶಬ್ದ ಮೆತ್ತನೆಯ ಹೂಳಿನ ಮೇಲ್ಮೈಯಿಂದಲೇ ಮರಳುತ್ತದೆ. ಅದರ ಕೆಳಗಿನ ಗಟ್ಟಿ ನೆಲವನ್ನೂ ಕಾಣಬೇಕಾದರೆ 30 ಕಿಲೋಹರ್ಟ್ಸ್ ಆಸುಪಾಸಿನ ಕೆಳ ಆವರ್ತನವನ್ನೂ ಬಳಸುವ, ದುಬಾರಿಯಾದ ಜೋಡಿ ಆವರ್ತನದ ಉಪಕರಣ ಬೇಕು. ಒಂದೇ ಆವರ್ತನದ ಅಗ್ಗದ ಉಪಕರಣದಿಂದ ಹೂಳಿನ ದಪ್ಪ ತಿಳಿಯುವುದೆಂದು ಯಾರಾದರೂ ಹೇಳಿದರೆ ನಂಬಬಾರದು. ಹಳೆಯ ನಕ್ಷೆಯ ಮಟ್ಟದೊಂದಿಗೆ ಹೋಲಿಸಿದರೆ ಮಾತ್ರ ಆ ಲೆಕ್ಕ ಸಿಗುತ್ತದೆ.

ದೋಣಿಗೆ ತಕ್ಕ ಜೋಡಣೆ

ತುಂಗಭದ್ರೆಯ ಹರಿಗೋಲು ದುಂಡಗಿದ್ದು ತಿರುಗುತ್ತಾ ಸಾಗುವುದರಿಂದ, ನೇರ ಗೆರೆ ಹಿಡಿದು ಅಳೆಯಲು ಅದು ತಕ್ಕುದಲ್ಲ. ಚಪ್ಪಟೆ ತಳದ ಸಣ್ಣ ಫೈಬರ್ ದೋಣಿ ಮೇಲು. ಅದಕ್ಕೆ ಟ್ರಾನ್ಸ್‌ಡ್ಯೂಸರನ್ನು ನಾಲ್ಕು ವಿಧದಲ್ಲಿ ಜೋಡಿಸಬಹುದು.

1. ಪಕ್ಕದ ಕೊಳವೆ: ಕಬ್ಬಿಣದ ಕೊಳವೆಯ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ಕೊಳವೆಯನ್ನು ದೋಣಿಯ ಅಂಚಿಗೆ ಕ್ಲಾಂಪ್‌ನಿಂದ ಬಿಗಿಯುವುದು. ದೋಣಿಗೆ ರಂಧ್ರ ಬೇಕಿಲ್ಲ; ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬಹುದು. ಕೊಳವೆ ಅಲುಗದೆ, ಲಂಬವಾಗಿ ನಿಲ್ಲಬೇಕು.

2. ಹಿಂಬದಿಯ ಹಲಗೆ: ಎಂಜಿನ್ ಇರುವ ದೋಣಿಗೆ ರೂಢಿಯಲ್ಲಿರುವ ವಿಧಾನ. ಪ್ರೊಪೆಲ್ಲರ್‌ನಿಂದ ಕನಿಷ್ಠ 38 ಸೆಂಟಿಮೀಟರು ದೂರವಿರಲಿ. ತಳದ ಕೆಳಗೆ ಉಬ್ಬುಗಳಿದ್ದರೆ ಅವುಗಳ ಹಿಂದೆ ಕೂರಿಸಬಾರದು. ಅಲ್ಲಿ ಏಳುವ ಗುಳ್ಳೆಗಳು ಶಬ್ದವನ್ನು ನುಂಗುತ್ತವೆ.

3. ತಳದೊಳಗೆ ಅಂಟಿಸುವುದು: ಗಟ್ಟಿ ಫೈಬರ್ ತಳಕ್ಕೆ ಒಳಗಿನಿಂದ ಎಪಾಕ್ಸಿ ಅಂಟಿನಿಂದ ಕೂರಿಸಬಹುದು. ಅಂಟಿನಲ್ಲಿ ಗಾಳಿಗುಳ್ಳೆ ಉಳಿಯಬಾರದು. ಮರದ ತಳಕ್ಕೂ, ನಡುವೆ ಫೋಮ್ ತುಂಬಿದ ಫೈಬರ್ ತಳಕ್ಕೂ ಈ ವಿಧಾನ ಒಗ್ಗದು.

4. ತಳ ಕೊರೆದು ಕೂರಿಸುವುದು: ಶಾಶ್ವತ ಬಳಕೆಗೆ ಉತ್ತಮ. ನೀರಿನಲ್ಲಿ ಮರ ಊದಿಕೊಂಡು ಪ್ಲಾಸ್ಟಿಕ್ ಹೊರಕವಚವನ್ನು ಒಡೆಯಬಹುದಾದ್ದರಿಂದ ಮರದ ದೋಣಿಗೆ ಕಂಚಿನ ಕವಚ ಬೇಕು. ಅಲ್ಯೂಮಿನಿಯಂ ದೋಣಿಗೆ ಕಂಚು ಕೂಡದು. ಎರಡು ಲೋಹಗಳು ನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ಯಾವ ವಿಧಾನವಾದರೂ ತಂತಿಯನ್ನು ಎಂಜಿನ್ನಿನ ವಿದ್ಯುತ್ ತಂತಿಗಳಿಂದ ದೂರ ಒಯ್ಯಬೇಕು. ಕತ್ತರಿಸಿ ಗಂಟು ಹಾಕಬಾರದು. 12 ವೋಲ್ಟ್ ಬ್ಯಾಟರಿಯಿಂದ ಬರುವ ತಂತಿಗೆ ಫ್ಯೂಸ್ ಇರಲೇಬೇಕು.

ತಾಳೆ ನೋಡುವುದು

ಪರದೆ ತೋರಿಸುವ ಆಳ ಟ್ರಾನ್ಸ್‌ಡ್ಯೂಸರ್‌ನ ಮುಖದಿಂದ ತಳದವರೆಗಿನದು, ನೀರಿನ ಮೇಲ್ಮಟ್ಟದಿಂದಲ್ಲ. ಮುಖವು ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟನ್ನು ಕೂಡಿಸಲು ಉಪಕರಣಕ್ಕೆ ತಿಳಿಸಬೇಕು. ಇದನ್ನು ಮರೆತರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. 100 ಎಕರೆ ಕೆರೆಯಲ್ಲಿ ಎಲ್ಲೆಡೆ 1 ಅಡಿ ಕಡಿಮೆ ಆಳ ದಾಖಲಾದರೆ, ಇಲ್ಲದ ಸುಮಾರು 1.23 ಲಕ್ಷ ಘನ ಮೀಟರು ಹೂಳು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಟಿಪ್ಪರಿಗೆ 10 ಘನ ಮೀಟರಿನಂತೆ ಅದು 12 ಸಾವಿರಕ್ಕೂ ಮೀರಿದ ಲೋಡು! ಗುತ್ತಿಗೆ ಹಿಡಿದವರಿಗೂ, ಹಣ ಕೊಡುವವರಿಗೂ ವ್ಯಾಜ್ಯದ ಮೂಲ ಇದೇ ಆಗಬಲ್ಲದು.

ಆದುದರಿಂದ ಪ್ರತಿದಿನ ಕೆಲಸ ಆರಂಭಿಸುವ ಮುನ್ನ, ಗುರುತು ಹಾಕಿದ, ಹಿಗ್ಗದ ಹಗ್ಗಕ್ಕೆ ಲೋಹದ ತಟ್ಟೆಯೊಂದನ್ನು ಕಟ್ಟಿ ಟ್ರಾನ್ಸ್‌ಡ್ಯೂಸರ್‌ನ ಕೆಳಗೆ 1 ಮೀಟರು, 2 ಮೀಟರು ಎಂದು ಇಳಿಬಿಟ್ಟು, ಪರದೆಯ ಅಂಕಿಯೊಂದಿಗೆ ತಾಳೆ ನೋಡಬೇಕು. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್ ಸಿಹಿನೀರಿನಲ್ಲಿ ಸೆಕೆಂಡಿಗೆ ಸುಮಾರು 1482 ಮೀಟರು, 30 ಡಿಗ್ರಿಯಲ್ಲಿ ಸುಮಾರು 1509 ಮೀಟರು. ಸಮುದ್ರದ ನೀರಿನಲ್ಲಿ ಇನ್ನೂ ಹೆಚ್ಚು. ಹೀಗಾಗಿ ಉಪಕರಣವನ್ನು ಸಿಹಿನೀರಿಗೆ ಹೊಂದಿಸಿಕೊಳ್ಳುವುದು ಅವಶ್ಯ. ಆ ದಿನದ ನೀರಿನ ಮಟ್ಟವನ್ನು ಕೋಡಿಯ ಮಟ್ಟಕ್ಕೆ ಹೋಲಿಸಿ ಬರೆದಿಡದಿದ್ದರೆ ಆಳದ ಅಂಕಿಗಳಿಗೆ ಅರ್ಥವಿರದು. ಮೊಣಕಾಲುದ್ದದ ನೀರಿನಲ್ಲಿ, ಜೊಂಡು ಬೆಳೆದ ಅಂಚಿನಲ್ಲಿ ಉಪಕರಣವನ್ನು ಬದಿಗಿಟ್ಟು ಅಳತೆಗೋಲನ್ನೇ ಹಿಡಿಯುವುದು ಜಾಣತನ.

ಉದ್ದಿಮೆದಾರರಿಗೆ ಅವಕಾಶ

ಚನ್ನಗಿರಿಯ ಸೂಳೆಕೆರೆಯಿಂದ ಹಿಡಿದು ಹಳ್ಳಿಯ ಪುಟ್ಟ ಕೆರೆಯವರೆಗೆ ಈ ಭಾಗದಲ್ಲಿ ಜಲಮೂಲಗಳು ಹಲವಿವೆ. ಕೊಳವೆ, ಕ್ಲಾಂಪ್, ತಟ್ಟೆ, ಬ್ಯಾಟರಿ ಪೆಟ್ಟಿಗೆ ಇವೆಲ್ಲವೂ ಸ್ಥಳೀಯ ವರ್ಕ್‌ಶಾಪುಗಳಲ್ಲೇ ತಯಾರಾಗಬಲ್ಲವು. ಜೆಸಿಬಿ, ಟಿಪ್ಪರುಗಳ ಮಾಲೀಕರು ಹೂಳೆತ್ತುವ ಗುತ್ತಿಗೆಗೆ ದರ ನಮೂದಿಸುವ ಮೊದಲು ತಮ್ಮದೇ ಅಳತೆಯೊಂದನ್ನು ಇಟ್ಟುಕೊಂಡರೆ ನಷ್ಟದ ಭಯ ಕಡಿಮೆ. ಉಪಕರಣ ಮಾರುವ ವರ್ತಕರು ಪೆಟ್ಟಿಗೆಯೊಂದಿಗೆ ಜೋಡಿಸುವ, ತಾಳೆ ನೋಡುವ ವಿಧಾನವನ್ನೂ ಗ್ರಾಹಕರಿಗೆ ಕಲಿಸಿಕೊಟ್ಟರೆ ವ್ಯಾಪಾರವೂ ನಿಲ್ಲುತ್ತದೆ, ವಿಶ್ವಾಸವೂ ಉಳಿಯುತ್ತದೆ.