ಕಂದಾಯದ ಲೆಕ್ಕವೂ ನಾಡಿನ ಎಲ್ಲೆಯೂ

ರಾಜ್ಯಗಳ ಎಲ್ಲೆಗಳನ್ನು ಭೂಮಿಯು ತಾನಾಗಿ ಹಾಕಿಕೊಂಡುದಿಲ್ಲ. ಯುದ್ಧವು ಮುಗಿದ ಮೇಲೆ, ಸೋತವನು ತಲೆತಗ್ಗಿಸಿ ನಿಂತಿರುವಾಗ, ಗೆದ್ದವರು ಕಾಗದದ ಮೇಲೆ ಎಳೆದ ಗೆರೆಗಳೇ ಬಹುಮಟ್ಟಿಗೆ ಎಲ್ಲೆಗಳೆನಿಸಿಕೊಳ್ಳುತ್ತವೆ. ಆಲ್ಸೇಸ್-ಲೊರೇನ್ ಸೀಮೆಯು 1871ರಲ್ಲಿ ಜರ್ಮನಿಯ ಪಾಲಾಗಿ, 1919ರ ಕೌಲಿನಿಂದ ಮರಳಿ ಫ್ರಾನ್ಸಿಗೆ ಸೇರಿದ ವೃತ್ತಾಂತವನ್ನು ನಮ್ಮ ವಿದ್ಯಾವಂತರೆಲ್ಲರೂ ಬಲ್ಲರು. ಆದರೆ ನಮ್ಮ ತುಮಕೂರು ಜಿಲ್ಲೆಯ ಪಾವಗಡವು ಬಹುತೇಕ ಎಲ್ಲ ಕಡೆಗಳಲ್ಲಿಯೂ ಆಂಧ್ರದ ಸೀಮೆಯಿಂದ ಸುತ್ತುವರಿಯಲ್ಪಟ್ಟಿರುವುದೇಕೆ, ಅದರ ಪಕ್ಕದ ಮಡಕಶಿರಾ ಕನ್ನಡನಾಡಿನೊಳಕ್ಕೆ ನಾಲಗೆಯಂತೆ ಚಾಚಿಕೊಂಡಿದ್ದೂ ಕನ್ನಡ ರಾಜ್ಯಕ್ಕೆ ಸೇರದಿರುವುದೇಕೆ, ಎಂದು ಕೇಳಿದರೆ ಉತ್ತರವನ್ನು ಹೇಳುವವರು ವಿರಳ. ದೂರದ ಕಥೆಯನ್ನು ಬಲ್ಲ ನಾವು ಮನೆಯ ಕಥೆಯನ್ನೂ ಅರಿಯಬೇಡವೆ?

ಒಂದು ಕಾಲದಲ್ಲಿ ಈ ತುಮಕೂರು ಪ್ರಾಂತವೇ ಗಡಿನಾಡಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯವು ಶಿರಾವನ್ನು ಹಿಡಿಯಿತು. 1687ರಲ್ಲಿ ಮೊಗಲರು ಬಂದು ಅದನ್ನೇ ಒಂದು ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡರು. ಅತ್ತ ದಕ್ಷಿಣದಿಂದ ಚಿಕ್ಕದೇವರಾಜ ಒಡೆಯರು ತಮ್ಮ ರಾಜ್ಯವನ್ನು ವಿಸ್ತರಿಸುತ್ತ ಬಂದು ತುಮಕೂರಿನ ಬಳಿಯ ಗಿರಿದುರ್ಗವನ್ನು ವಶಪಡಿಸಿಕೊಂಡರು. ದೇವರಾಯನದುರ್ಗವೆಂಬ ಹೆಸರು ಅದಕ್ಕೆ ಬಂದುದು ಅವರಿಂದಲೇ. ಮುಂದೆ 1761ರಲ್ಲಿ ಶಿರಾ ಹೈದರನ ಕೈಸೇರಿತು. ಕೆಲವೇ ವರ್ಷಗಳಲ್ಲಿ ಮರಾಠರ ಪಾಲಾಯಿತು. 1774ರಲ್ಲಿ ಟಿಪ್ಪುವು ಅದನ್ನು ಮರಳಿ ಗೆದ್ದನು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿರುವ ನಿಜಗಲ್ಲಿನ ಕೋಟೆಯನ್ನು 1770ರಲ್ಲಿ ಪೇಶ್ವೆ ಮಾಧವರಾಯನ ದಂಡು ಮುತ್ತಿ ಹಿಡಿಯಿತು. ಗುಬ್ಬಿಯನ್ನು ಕಟ್ಟಿದ ಹೊಸಹಳ್ಳಿಯ ಗೌಡರ ಮನೆತನವು ಹೈದರನಿಗೆ ಹೆಚ್ಚಿನ ಕಪ್ಪವನ್ನು ತೆತ್ತು, ಟಿಪ್ಪುವಿನ ಕಾಲಕ್ಕೆ ತನ್ನ ಪಾಳೆಯಪಟ್ಟನ್ನೇ ಕಳೆದುಕೊಂಡಿತು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮೃತ್ಯು ಎಂಬ ಗಾದೆಯು ಈ ಸೀಮೆಯ ರೈತನಿಗೆ ಅನುಭವದ ಮಾತು.

ಮೈಸೂರಿನ ಮೂರನೆಯ ಯುದ್ಧವು ಕುಣಿಗಲ್ ಸೀಮೆಯ ಬಾಗಿಲಿಗೇ ಬಂದಿತು. 1791ರ ಜೂನ್ ತಿಂಗಳಿನಲ್ಲಿ, ಶ್ರೀರಂಗಪಟ್ಟಣದಿಂದ ಹಿಂದಿರುಗುತ್ತಿದ್ದ ಕಾರ್ನ್‌ವಾಲಿಸನ ಸೈನ್ಯವು ಹುಲಿಯೂರುದುರ್ಗವನ್ನು ಹಿಡಿದು ಅದರ ಕೋಟೆಯನ್ನು ಕೆಡವಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗವು ಬಿದ್ದ ಕೆಲವೇ ದಿನಗಳೊಳಗೆ ಹುತ್ರಿದುರ್ಗವೂ ಬಿದ್ದಿತು. 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಕೌಲಾಯಿತು. ಟಿಪ್ಪುವು ತನ್ನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಗಿ ಬಂದಿತು. ಅವನ ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ರಾಜ್ಯದ ಅರ್ಧವೆಂದರೆ ನೆಲದ ಅರ್ಧವಲ್ಲ, ಹುಟ್ಟುವಳಿಯ ಅರ್ಧ. ಯಾವ ತಾಲ್ಲೂಕು ಎಷ್ಟು ವರಹಗಳನ್ನು ತರುತ್ತದೆಂಬ ಲೆಕ್ಕದ ಕಡತವನ್ನು ಮುಂದಿಟ್ಟುಕೊಂಡೇ ಗೆದ್ದವರು ಹಂಚಿಕೊಂಡರು.

1799ರಲ್ಲಿ ಟಿಪ್ಪುವು ಮಡಿದ ಮೇಲಂತೂ ಈ ಪದ್ಧತಿಯು ಮರೆಯಿಲ್ಲದೆ ಕಾಣಿಸಿಕೊಂಡಿತು. ಆ ವರ್ಷದ ಜೂನ್ 22ರ ವಿಭಾಗದ ಕೌಲಿಗೆ ಲಗತ್ತಾದ ಪಟ್ಟಿಗಳಲ್ಲಿ ತಾಲ್ಲೂಕಿನ ಹೆಸರಿನ ಮುಂದೆ ಕಂಠೀರಾಯ ವರಹಗಳ ಮೊಬಲಗು ನಮೂದಾಗಿದೆ. ಮೈಸೂರಿನ ಅರಸರಿಗೆ 13,74,076 ವರಹಗಳ ಸೀಮೆ. ಕುಂಪಣಿಗೂ ನಿಜಾಮನಿಗೂ, ಟಿಪ್ಪುವಿನ ಮನೆಯವರು ಮೊದಲಾದವರ ಜೀವನಾಂಶವನ್ನು ಕಳೆದು, ಸರಿಸುಮಾರು ಐದು ಲಕ್ಷ ಮೂವತ್ತೇಳು ಸಾವಿರ ವರಹಗಳಂತೆ ಸಮಪಾಲು. ಪೇಶ್ವೆಗೆಂದು ತೆಗೆದಿಟ್ಟ ಪಾಲನ್ನು ಅವನು ಒಪ್ಪದಿರಲು, ಅದನ್ನೂ ಇವರಿಬ್ಬರೇ ಹಂಚಿಕೊಂಡರು. ತಕ್ಕಡಿಯಲ್ಲಿ ವರಹಗಳು ಸಮತೂಗಿದವು. ಆ ತಾಲ್ಲೂಕಿನ ಜನರು ಆಡುವ ಭಾಷೆ ಯಾವುದು, ಅವರ ಸಂತೆ ಯಾವ ಊರಿನದು, ಅವರ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಮೇ ಇರಲಿಲ್ಲ.

ಮರುವರ್ಷ ನಡೆದುದು ಇದಕ್ಕಿಂತಲೂ ವಿಚಿತ್ರವಾದುದು. ನಿಜಾಮನು ತನ್ನ ರಾಜ್ಯದಲ್ಲಿ ಕುಂಪಣಿಯ ಫೌಜನ್ನು ಇರಿಸಿಕೊಂಡಿದ್ದನು. ಅದರ ಖರ್ಚಿಗೆ ಪ್ರತಿಯಾಗಿ, 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಸೀಮೆಗಳನ್ನು 1800ರ ಅಕ್ಟೋಬರಿನ ಕರಾರಿನ ಮೇರೆಗೆ ಕುಂಪಣಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪಾ ಪ್ರಾಂತಗಳಿಗೆ ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಮಡಕಶಿರಾ ಮದರಾಸಿನ ಆಡಳಿತಕ್ಕೆ ಸೇರಿದುದೂ, ಪಾವಗಡವು ಮೈಸೂರಿಗೆ ಉಳಿದು ಒಂಟಿಯಾದುದೂ ಈ ವ್ಯವಹಾರದ ಫಲವೇ. ನೊಳಂಬರ ರಾಜಧಾನಿಯಾಗಿ, ಕನ್ನಡ ಶಾಸನಗಳಿಂದ ತುಂಬಿರುವ ಹೆಂಜೇರು, ಎಂದರೆ ಈಗಿನ ಹೇಮಾವತಿ ಗ್ರಾಮವು, ಅಂದು ಸಿಪಾಯಿಗಳ ಸಂಬಳದ ಬಾಬ್ತಿನಲ್ಲಿ ನಮ್ಮಿಂದ ಅಗಲಿತೆಂದರೆ ಉತ್ಪ್ರೇಕ್ಷೆಯಲ್ಲ.

ಎಲ್ಲೆಯು ನೆಲವನ್ನು ಮಾತ್ರ ಸೀಳುವುದಿಲ್ಲ, ನೀರನ್ನೂ ಸೀಳುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರಪಿನಾಕಿನಿಯನ್ನು ಕೂಡಿ ಆಂಧ್ರಕ್ಕೆ ಹೋಗುತ್ತದೆ; ಅದೇ ಬೆಟ್ಟಗಳ ಶಿಂಷೆಯು ಗುಬ್ಬಿಯ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿಯನ್ನು ದಾಟಿ ಕಾವೇರಿಗೆ ಸೇರುತ್ತದೆ. ಕುಂಪಣಿಯು ಎಳೆದ ಗೆರೆಯ ಆಚೆಗೆ ಮದರಾಸು ಇದ್ದುದರಿಂದಲೇ 1892ರ ಒಪ್ಪಂದವು ಬಂದಿತು. ಅದರಂತೆ ಉತ್ತರಪಿನಾಕಿನಿ, ವೇದಾವತಿ, ಕಾವೇರಿ ಮೊದಲಾದ ನದಿಗಳಿಗೆ ಮದರಾಸಿನ ಅನುಮತಿಯಿಲ್ಲದೆ ಮೈಸೂರು ಹೊಸ ಕಟ್ಟೆಯನ್ನು ಕಟ್ಟುವಂತಿರಲಿಲ್ಲ. ಬಳಿಕ ಕಾವೇರಿಗೆ 1924ರ ಒಪ್ಪಂದವಾಯಿತು. ನ್ಯಾಯಾಧಿಕರಣದ ತೀರ್ಪು 2007ರಲ್ಲಿ ಬಂದಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿಗದಿಪಡಿಸಿತು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಿಗೆ ನಾಲೆಯಿಂದ ಬರುವ ಹೇಮಾವತಿಯ ನೀರೂ ಈ ಲೆಕ್ಕದೊಳಗಿನದೇ. ಕೌಲಿಗೆ ಮುದ್ರೆ ಒತ್ತಿದವರು ಮಣ್ಣಾಗಿ ಎರಡು ಶತಮಾನಗಳು ಸಂದರೂ, ಅವರು ಎಳೆದ ಗೆರೆಯ ಬೆಲೆಯನ್ನು ನಮ್ಮ ರೈತನು ತೆರುತ್ತಲೇ ಇದ್ದಾನೆ.

ಸ್ವಾತಂತ್ರ್ಯವು ಬಂದ ತರುವಾಯ ಪದ್ಧತಿಯು ಬದಲಾಯಿತು. 1953ರಲ್ಲಿ ಆಂಧ್ರ ರಾಜ್ಯವು ಏರ್ಪಟ್ಟಾಗ ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಲಾಯಿತು. ಬಳ್ಳಾರಿಯು ಮೈಸೂರಿಗೆ ಬಂದಿತು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಫಜಲ್ ಅಲಿ ಆಯೋಗಕ್ಕೆ ದೇಶದ ನಾನಾ ಕಡೆಗಳಿಂದ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮನವಿಪತ್ರಗಳು ಬಂದವು. 1956ರ ನವೆಂಬರ್ 1ರಂದು ಕನ್ನಡ ರಾಜ್ಯವು ಒಂದುಗೂಡಿತು. ಎಲ್ಲವೂ ನಮ್ಮ ಮನಸ್ಸಿನಂತೆ ಆಯಿತೆಂದಲ್ಲ. ಕಾಸರಗೋಡು ಕೇರಳಕ್ಕೆ ಸೇರಿತು. ಅದರ ಚಂದ್ರಗಿರಿಯ ಉತ್ತರದ ಭಾಗವು ನಮಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದರೂ ಕಾರ್ಯಗತವಾಗಲಿಲ್ಲ. ಬೆಳಗಾವಿಯ ವಿಷಯದಲ್ಲಿ ಅದೇ ಆಯೋಗದ ವರದಿಯನ್ನು ತಿರಸ್ಕರಿಸಿದ ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆದರೂ ಭೇದವನ್ನು ಕಾಣದಿರಲಾಗದು: 1799ರಲ್ಲಿ ತಾಲ್ಲೂಕಿನ ಹುಟ್ಟುವಳಿಯನ್ನು ಕೇಳಿದರು, 1956ರ ಹೊತ್ತಿಗೆ ತಾಲ್ಲೂಕಿನ ಜನರನ್ನು ಕೇಳಿದರು.

ಪರದೇಶದೊಡನೆಯೂ ಈ ಮಾರ್ಗವು ಸಾಧ್ಯವೆಂಬುದನ್ನು ಭಾರತವೇ ತೋರಿಸಿಕೊಟ್ಟಿದೆ. ಬಾಂಗ್ಲಾದೇಶದೊಡನೆ 1974ರಲ್ಲಿ ಆದ ಒಪ್ಪಂದವು, ಸಂವಿಧಾನದ ನೂರನೆಯ ತಿದ್ದುಪಡಿಯ ಬಳಿಕ, 2015ರಲ್ಲಿ ಜಾರಿಗೆ ಬಂದಿತು. ಒಬ್ಬರ ನೆಲದೊಳಗೆ ಇನ್ನೊಬ್ಬರದಾಗಿ ಸಿಕ್ಕಿಕೊಂಡಿದ್ದ 111 ಭಾರತೀಯ ತುಣುಕುಗಳೂ 51 ಬಾಂಗ್ಲಾ ತುಣುಕುಗಳೂ ಒಂದು ಗುಂಡೂ ಹಾರದೆ ಕೈಬದಲಾದವು; ಯಾವ ದೇಶದ ಪ್ರಜೆಯಾಗಬೇಕೆಂಬುದನ್ನು ಅಲ್ಲಿಯ ನಿವಾಸಿಗಳೇ ಆರಿಸಿಕೊಂಡರು.

ರಾಜ್ಯಗಳ ಎಲ್ಲೆಯನ್ನು ಬದಲಾಯಿಸುವ ಅಧಿಕಾರವನ್ನು ಸಂವಿಧಾನದ ಮೂರನೆಯ ಅನುಚ್ಛೇದವು ಪಾರ್ಲಿಮೆಂಟಿಗೆ ಕೊಟ್ಟಿದೆ. ಬೀದಿಯಲ್ಲಿ ಬಸ್ಸಿಗೆ ಕಲ್ಲೆಸೆಯುವವರಿಗೆ ಕೊಟ್ಟಿಲ್ಲ. ಆದರೆ ಎಲ್ಲೆಯು ಬದಲಾಗುವವರೆಗೂ ಕೈಕಟ್ಟಿ ಕೂರಬೇಕಾದುದೂ ಇಲ್ಲ. ಮಡಕಶಿರಾದ ಕನ್ನಡ ಮಗುವಿಗೆ ಕನ್ನಡದ ಪಾಠಶಾಲೆ, ಪಾವಗಡದ ತೆಲುಗಿನವನಿಗೆ ಅವನು ಬಲ್ಲ ಮಾತಿನಲ್ಲಿ ಕಚೇರಿಯ ಉತ್ತರ, ಎರಡು ಕಡೆಯ ಕೆರೆಗಳಿಗೂ ನ್ಯಾಯವಾದ ನೀರು: ಇವನ್ನು ಕೊಡಲು ಯಾವ ಕೌಲೂ ಅಡ್ಡಿಯಲ್ಲ. ಗಡಿಯ ಕಡತವು ಮೇಜಿನ ಮೇಲೆ ಬಂದಾಗ ನಮ್ಮ ಅಧಿಕಾರಿಗಳು ಮೊದಲು ನೋಡಬೇಕಾದ ಕಾಲಮು, ಅಂದಿನ ಪಟ್ಟಿಯಲ್ಲಿ ಇಲ್ಲದೇಹೋದ ಆ ಜನರ ಕಾಲಮು.